ಒಂಟಿಗಾಲಿನ ಹತ್ತು ಸೆಕೆಂಡು

ಎರಡೂ ಕೈ ಇಳಿಬಿಟ್ಟು, ಒಂದು ಪಾದ ಎತ್ತಿ ಇನ್ನೊಂದು ಕಾಲಿನ ಹಿಂಬದಿಗೆ ತಾಗಿಸಿ ಹತ್ತು ಸೆಕೆಂಡು ನಿಲ್ಲಬೇಕು. ಮೂರು ಸಲ ಯತ್ನಿಸಬಹುದು. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಮಂದಿಯನ್ನು ಹೀಗೆ ನಿಲ್ಲಿಸಿದಾಗ ಐವರಲ್ಲಿ ಒಬ್ಬರಿಗೆ ಆಗಲಿಲ್ಲ. ಸುಮಾರು ಏಳು ವರ್ಷ ಅವರೆಲ್ಲರ ಮೇಲೆ ನಿಗಾ ಇಟ್ಟರು. ವಯಸ್ಸು, ತೂಕ, ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ನಿಲ್ಲಲಾಗದವರಲ್ಲಿ ಸಾವಿನ ಅಪಾಯ ಶೇ 84ರಷ್ಟು ಹೆಚ್ಚಿತ್ತು. 2022ರಲ್ಲಿ ಪ್ರಕಟವಾದ ಈ ಅಧ್ಯಯನ ಸಮತೋಲನ ತಪ್ಪಿದ್ದೇ ಸಾವಿಗೆ ಕಾರಣವೆಂದು ಸಾಧಿಸುವುದಿಲ್ಲ. ಒಳಗೆ ಏನೋ ಸವೆಯುತ್ತಿದೆ ಎಂಬುದರ ಗುರುತು ಅದು.

ನಮ್ಮಲ್ಲಿ ಫಿಟ್‌ನೆಸ್ ಎಂದರೆ ತೂಕ ನೋಡುವುದು, ಬೆಳಗ್ಗೆ ವಾಕಿಂಗ್ ಹೋಗುವುದು. ಆದರೆ ಫಿಟ್‌ನೆಸ್‌ನ ಅಂಶಗಳಲ್ಲಿ ಎರಡು ಗುಂಪುಗಳಿವೆ. ದಮ್ಮು, ಸ್ನಾಯುಬಲ, ಸ್ನಾಯುಗಳ ತಾಳಿಕೆ, ಮೈ ಬಾಗುವಿಕೆ, ಮೈಯಲ್ಲಿನ ಕೊಬ್ಬಿನ ಪ್ರಮಾಣ ಇವು ಆರೋಗ್ಯಕ್ಕೆ ಸೇರಿದವು. ವೇಗ, ಚುರುಕು, ಸಮತೋಲನ, ಕೈ-ಕಣ್ಣಿನ ಹೊಂದಾಣಿಕೆ, ಥಟ್ಟನೆ ಹೊಮ್ಮುವ ಶಕ್ತಿ, ತಕ್ಷಣದ ಪ್ರತಿಕ್ರಿಯೆ ಇವು ಕೌಶಲಕ್ಕೆ ಸೇರಿದವು ಎಂದು ಪಠ್ಯಪುಸ್ತಕ ವಿಂಗಡಿಸುತ್ತದೆ. ಎರಡನೆಯ ಗುಂಪು ಆಟಗಾರರಿಗಷ್ಟೇ ಬೇಕೆಂದುಕೊಂಡಿದ್ದೇವೆ. ಬಚ್ಚಲಲ್ಲಿ ಅಜ್ಜಿಯ ಕಾಲು ಜಾರಿದಾಗ ನಡೆಯುವುದನ್ನು ಯೋಚಿಸಿ: ಜಾರಿದ್ದು ಆ ಕ್ಷಣವೇ ಅರಿವಿಗೆ ಬರಬೇಕು, ಇನ್ನೊಂದು ಕಾಲು ಥಟ್ಟನೆ ಮುಂದಿಡಬೇಕು, ತೊಡೆಯ ಸ್ನಾಯು ಇಡೀ ಮೈಭಾರ ತಡೆಯಬೇಕು. ಸಮತಟ್ಟಾದ ಪಾರ್ಕಿನ ನಡಿಗೆಯೊಂದೇ ಇದಕ್ಕೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ.

ಬಲದ ಕಥೆಯೂ ಹೀಗೆಯೇ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಹೊರಬಂತು. ಕೈಹಿಡಿತದ ಬಲ 5 ಕೆ.ಜಿ. ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಏರಿತ್ತು. ರಕ್ತದೊತ್ತಡಕ್ಕಿಂತ ಇದೇ ನಿಖರ ಮುನ್ಸೂಚನೆ ಕೊಟ್ಟಿತು. ಆದರೂ ನಮ್ಮ ತಪಾಸಣೆಗಳಲ್ಲಿ ಕೈಹಿಡಿತ ಅಳೆಯುವವರು ಅಪರೂಪ.

ನನ್ನನ್ನು ಹೆಚ್ಚು ಹೆದರಿಸುವುದು ಮುಂದಿನ ಲೆಕ್ಕ. ಸಾಕಷ್ಟು ಮೈ ದಣಿಸದ ಭಾರತೀಯ ವಯಸ್ಕರು 2000ದಲ್ಲಿ ಶೇ 22ರಷ್ಟಿದ್ದರು, 2022ರಲ್ಲಿ ಶೇ 49ಕ್ಕೆ ಏರಿದರು. ಹೀಗೇ ಸಾಗಿದರೆ 2030ಕ್ಕೆ ಹತ್ತರಲ್ಲಿ ಆರು ಮಂದಿ. ಮಹಿಳೆಯರಲ್ಲಿ 2022ರಲ್ಲೇ ಶೇ 57. 2050ರ ಹೊತ್ತಿಗೆ ದೇಶದಲ್ಲಿ ಐವರಲ್ಲೊಬ್ಬರು ಅರವತ್ತು ದಾಟಿರುತ್ತಾರೆ. ಇಂದು ಕುರ್ಚಿಗೆ ಅಂಟಿಕೊಂಡಿರುವ ನಲವತ್ತರವರೇ ಅವರು. ಕುಕ್ಕರಗಾಲಲ್ಲಿ ಕೂರುವ ರೂಢಿ ಮನೆಗಳಲ್ಲಿ ತಪ್ಪುತ್ತಿದೆ. ಕುಂಟೆಬಿಲ್ಲೆ, ಲಗೋರಿ ಆಡುವ ಅಂಗಳವೂ ಮಕ್ಕಳಿಗೆ ಉಳಿದಿಲ್ಲ.

ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದರಿಂದ ಶುರುಮಾಡಬಹುದು. ಐವತ್ತು ದಾಟಿದವರು ಇವತ್ತೇ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಒಂಟಿಗಾಲಲ್ಲಿ ನಿಂತು ನೋಡಿ. ಹತ್ತು ಎಣಿಸುವ ಮೊದಲೇ ವಾಲಿದರೆ ವೈದ್ಯರಿಗೆ ತಿಳಿಸಿ.