ಅವಳಿ ಮಕ್ಕಳಿಗೆ ಎರಡು ಪಾಟಿ

ನಮ್ಮ ರೋಣ, ನರಗುಂದದ ಕಡೆ ಪಾಟಿ ಎಂದರೆ ಸ್ಲೇಟು. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಸಾಲಿಗೆ ಹೋದವರು ನಾವು. ಹೀಗಾಗಿ ಗಜೇಂದ್ರಗಡಕ್ಕೆ ಕೊಟ್ಟ ಮಗಳು ಫೋನ್ ಮಾಡಿ, ‘ಅಪ್ಪಾ, ಬರೂ ಮುಂದ ಹುಡುಗ್ರಿಗೆ ಎರಡು ಪಾಟಿ ತಗೊಂಡ ಬಾ’ ಎಂದಾಗ ನನಗೆ ಅಚ್ಚರಿ. ಎರಡು ವರ್ಷ ತುಂಬಿದ ಅವಳಿ ಮಕ್ಕಳಿಗೆ ಈಗಲೇ ಅಕ್ಷರಾಭ್ಯಾಸವೇ? ಮಗಳು ನಕ್ಕಳು: ‘ಬರಿಯೂ ಪಾಟಿ ಅಲ್ಲಪ್ಪಾ, ಕುಂದ್ರೂ ಪಾಟಿ!’

ನರಗುಂದದ ಪೇಟೆಯಲ್ಲಿ ಒಂದು ಕೆಂಪು, ಒಂದು ನೀಲಿ ಪ್ಲಾಸ್ಟಿಕ್ ಪಾಟಿ ಕೊಂಡೊಯ್ದೆ. ಒಂದು ಗಂಡು, ಒಂದು ಹೆಣ್ಣು. ಇಬ್ಬರೂ ಮೂರು ವಾರದಲ್ಲಿ ಕಲಿತರು. ‘ಉಚ್ಚಿ ಬಂತು’ ಎಂದು ಹೇಳಿ ಓಡುವುದನ್ನು ನೋಡಿ ಮನೆಮಂದಿಗೆಲ್ಲ ಸಂಭ್ರಮ. ಈ ಕೆಲಸ ಮುಗಿಯಿತು ಎಂದುಕೊಂಡೆವು. ಅಲ್ಲೇ ನಾವು ತಪ್ಪಿದ್ದು.

ಮುಂದೆ ಮಗಳಿಗೆ ಒಂದು ತಿಂಗಳ ತರಬೇತಿ ಬಂತು. ಮಕ್ಕಳನ್ನು ರೋಣಕ್ಕೆ, ನಮ್ಮ ಮನೆಗೆ ತಂದು ಬಿಟ್ಟಳು. ಎರಡನೆಯ ದಿನವೇ ಮೊಮ್ಮಗ ಪಡಸಾಲೆಯಲ್ಲಿ ನಿಂತಲ್ಲೇ ಚಡ್ಡಿ ಹಸಿ ಮಾಡಿಕೊಂಡ. ಮರುದಿನ ಮೂರು ಸಲ. ರಾತ್ರಿ ಕೌದಿಯೂ ಹಸಿ. ಮೊಮ್ಮಗಳು ಮಾತ್ರ ಕಲಿತದ್ದನ್ನು ಮರೆತಿರಲಿಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು. ಆದರೂ ಬಾಯಿಗೆ ಬಂದದ್ದು ಎಲ್ಲರ ಬಾಯಿಗೂ ಬರುವ ಮಾತೇ: ‘ಅಕಿ ನೋಡು, ಎಷ್ಟ ಶಾಣ್ಯಾಕಿ! ನಿನಗ ನಾಚಿಕಿ ಬರೂದಿಲ್ಲೇನು?’

ಹುಡುಗ ಅಳಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಅಂದಿನಿಂದ ಪಾಟಿಯ ಹತ್ತಿರ ಸುಳಿಯಲಿಲ್ಲ. ಸಂಡಾಸಕ್ಕೆ ಬಂದರೆ ಬಾಗಿಲ ಹಿಂದೆ ನಿಂತು ಕಾಲು ಬಿಗಿ ಹಿಡಿಯತೊಡಗಿದ. ಹೀಗೆ ನಾಲ್ಕು ದಿನ. ಐದನೆಯ ದಿನ ಚೀರಿ ಅತ್ತ. ಚಡ್ಡಿಯಲ್ಲಿ ರಕ್ತದ ಗೆರೆ. ನನ್ನ ಕೈಕಾಲು ತಣ್ಣಗಾದವು. ಮಕ್ಕಳ ವೈದ್ಯರ ಬಳಿಗೆ ಓಡಿದೆವು. ಪರೀಕ್ಷಿಸಿ ಅವರು ಹೇಳಿದ್ದು ಇಷ್ಟೇ: ‘ಇದು ಹಟ ಅಲ್ರೀ ಸರ್, ಹೆದರಿಕಿ.’

ಹಿಡಿದಿಟ್ಟರೆ ಏನಾಗುತ್ತದೆ?

ಪಾಠ ಹೇಳುವಾಗ ಎಷ್ಟು ಸಲ ಹೇಳಿದ್ದೇನೆ: ದೊಡ್ಡ ಕರುಳಿನ ಕೆಲಸ ನೀರು ಹೀರುವುದು. ಮಲ ಒಳಗೆ ಉಳಿದಷ್ಟೂ ನೀರು ಹೋಗಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಹೊರಬರುವಾಗ ಗುದದ್ವಾರ ಸಣ್ಣಗೆ ಸೀಳುತ್ತದೆ. ನೋವಿಗೆ ಹೆದರಿದ ಮಗು ಮುಂದಿನ ಸಲ ಇನ್ನಷ್ಟು ಬಿಗಿಹಿಡಿಯುತ್ತದೆ. ಗಾಣದ ಎತ್ತಿನ ಸುತ್ತಿನಂತೆ ಇದಕ್ಕೆ ಕೊನೆಯಿಲ್ಲ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಉಚ್ಚೆಯೂ ತಡೆಯುವುದಿಲ್ಲ. ಕೆಲವು ಮಕ್ಕಳಲ್ಲಿ ಗಟ್ಟಿ ಮಲದ ಪಕ್ಕದಿಂದ ತೆಳ್ಳಗೆ ಜಾರಿ ಚಡ್ಡಿ ಹೊಲಸಾಗುತ್ತದೆ. ಹಿರಿಯರು ಅದನ್ನು ಭೇದಿಯೆಂದೋ ಸೊಕ್ಕೆಂದೋ ತಿಳಿಯುತ್ತಾರೆ.

ವೈದ್ಯರು ಮಲ ಮೆತ್ತಗಾಗುವ ಔಷಧಿ ಕೊಟ್ಟರು. ಹಾಲು ಮತ್ತು ಬಿಸ್ಕೀಟು ಕಡಿಮೆ ಮಾಡಿ, ನೀರು, ಹಣ್ಣು, ಕಾಯಿಪಲ್ಯ ಹೆಚ್ಚಿಸಲು ಹೇಳಿದರು. ಬಿಸಿಲೂರಿನ ನಮ್ಮ ಮಕ್ಕಳು ಆಟದಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತಾರೆ. ಮಜ್ಜಿಗೆ, ಪೇರಲಹಣ್ಣು, ಹೆಸರುಕಾಳಿನ ಪಲ್ಯದೊಡನೆ ಮೆತ್ತನೆಯ ಜೋಳದ ರೊಟ್ಟಿ ಶುರುವಾದವು.

ಅವಳಿಯಾದರೂ ಒಂದೇ ಅಲ್ಲ

ನಾನು ಮಾಡಿದ ದೊಡ್ಡ ತಪ್ಪು ಹೋಲಿಕೆ. ಗಂಡು-ಹೆಣ್ಣು ಅವಳಿ ಎಂದರೆ ಎರಡು ಬೇರೆ ಅಂಡಾಣುಗಳಿಂದ ಹುಟ್ಟಿದವರು. ಬೇರೆ ಬೇರೆ ವರ್ಷ ಹುಟ್ಟಿದ ಅಣ್ಣ-ತಂಗಿಯರಲ್ಲಿ ಇರುವಷ್ಟೇ ಸಾಮ್ಯ ಇವರಲ್ಲಿ. ಮೇಲಾಗಿ ಹೆಣ್ಣುಮಕ್ಕಳು ಸಾಮಾನ್ಯವಾಗಿ ಗಂಡುಮಕ್ಕಳಿಗಿಂತ ತುಸು ಮೊದಲೇ ಈ ಹತೋಟಿ ಪಡೆಯುತ್ತಾರೆ. ಅವಳಿಗಳಲ್ಲಿ ಅನೇಕರು ದಿನ ತುಂಬುವ ಮೊದಲೇ ಹುಟ್ಟುವುದರಿಂದ ಹುಟ್ಟಿದ ತಾರೀಖು ನೋಡಿ ಅವಸರ ಮಾಡುವುದೂ ಸರಿಯಲ್ಲ.

ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು ನೂರು ಮಿಲಿಲೀಟರ್, ಒಂದು ಸಣ್ಣ ಚಹಾದ ಲೋಟದಷ್ಟು. ಅದು ತುಂಬಿದ್ದು ಮಿದುಳಿಗೆ ತಿಳಿಯಬೇಕು, ಸ್ನಾಯು ಬಿಗಿಯಬೇಕು, ಬಾಯಿ ಹೇಳಬೇಕು, ಕಾಲು ಓಡಬೇಕು. ಅಮೆರಿಕದ ಮಕ್ಕಳ ವೈದ್ಯ ಬ್ರೇಝೆಲ್ಟನ್ 1962ರಲ್ಲಿ 1,170 ಮಕ್ಕಳ ವಿವರ ಪ್ರಕಟಿಸಿದರು. ಒತ್ತಾಯವಿಲ್ಲದೆ, ಮಗುವಿನ ಸಿದ್ಧತೆ ನೋಡಿ ಕಲಿಸಿದಾಗ ಹಗಲಿನ ಹತೋಟಿ ಬಂದದ್ದು ಸರಾಸರಿ 28.5 ತಿಂಗಳಿಗೆ. ನನ್ನ ಮೊಮ್ಮಗನಿಗೆ ಆಗ 27 ತಿಂಗಳು! ರಾತ್ರಿಯ ಹತೋಟಿ ಇನ್ನೂ ತಡ. ಐದು ವರ್ಷದವರೆಗೆ ಹಾಸಿಗೆ ಹಸಿಯಾದರೆ ಅದನ್ನು ರೋಗವೆಂದು ಎಣಿಸುವುದಿಲ್ಲ.

ಹಾಗಾದರೆ ನಮ್ಮ ಹಿರಿಯರು ಅಷ್ಟು ಬೇಗ ಹೇಗೆ ಕಲಿಸುತ್ತಿದ್ದರು? ಎಂಬತ್ತು ದಾಟಿದ ನನ್ನ ಅವ್ವ ಕಾಲು ಚಾಚಿ, ಪಾದಗಳ ಮೇಲೆ ಕೂಸನ್ನು ಕೂಡಿಸಿಕೊಂಡು ‘ಶ್ಶ್ಶ್’ ಎನ್ನುತ್ತಿದ್ದಳು. ಇದು ಪಾವ್ಲೋವನ ನಾಯಿಯ ಪಾಠವೇ: ಸದ್ದು ಕೇಳಿದರೆ ದೇಹ ಸ್ಪಂದಿಸುತ್ತದೆ. ಪೂರ್ವ ಆಫ್ರಿಕಾದ ಡಿಗೋ ಜನರೂ ಹೀಗೆ ಸದ್ದು ಮಾಡಿ ಎಳೆಗೂಸುಗಳಿಗೆ ಕಲಿಸುವುದನ್ನು 1977ರಲ್ಲಿ ಡಿವ್ರೀಸ್ ದಂಪತಿ ದಾಖಲಿಸಿದ್ದಾರೆ. ಆದರೆ ಅದಕ್ಕೆ ದಿನವಿಡೀ ಕೂಸಿನ ಮುಖ ನೋಡುತ್ತ ಕೂಡುವವರು ಬೇಕು.

‘ಏ ಮಾಸ್ತರ,’ ಎಂದಳು ಅವ್ವ, ‘ಅವರವ್ವ ಹ್ವಾದ್ಲು. ಮನಿ ಹೊಸಾದು. ಕೂಸು ಬಾಯಿಲೆ ಹೇಳಾಕ ಬರಲಾರದ್ದ ಚಡ್ಡಿಲೆ ಹೇಳೇತಿ. ನೀ ಬೈದಿ.’ ಬಿಎಸ್ಸಿ, ಬಿಇಡಿ ಎರಡೂ ತಲೆ ತಗ್ಗಿಸಿದವು.

ಮತ್ತೆ ಮೊದಲಿನಿಂದ

ಒಂದು ವಾರ ಪಾಟಿಯ ಮಾತೇ ಎತ್ತಲಿಲ್ಲ. ಆಮೇಲೆ ಊಟವಾದೊಡನೆ ಐದು ನಿಮಿಷ ಕೂಡಿಸುವುದು. ಹೊಟ್ಟೆಗೆ ಅನ್ನ ಬಿದ್ದಾಗ ಕರುಳು ತಾನಾಗಿ ಚಲಿಸುವುದರಿಂದ ಅದೇ ಸರಿಯಾದ ಹೊತ್ತು. ಪಾದ ನೆಲಕ್ಕೆ ಊರಿರಬೇಕು. ಆದರೆ ಒಳ್ಳೆಯದು, ಆಗದಿದ್ದರೆ ಎದ್ದು ಆಡಲು ಹೋಗಲಿ. ಬಿಚ್ಚಲು ಸುಲಭವಾದ ಇಲಾಸ್ಟಿಕ್ ಚಡ್ಡಿ. ಹಸಿಯಾದರೆ ‘ಇರಲಿ ಬಿಡಪಾ, ಒರಸೂಣು’ ಎಂಬ ಒಂದೇ ಮಾತು. ಕೊನೆಯಲ್ಲಿ ಸಾಬೂನು ಹಚ್ಚಿ ಕೈ ತೊಳೆಯುವುದು.

ಹುಡುಗ ಸುಧಾರಿಸತೊಡಗಿದ. ಅಷ್ಟರಲ್ಲಿ ಮೊಮ್ಮಗಳು ಚಡ್ಡಿ ಹಸಿ ಮಾಡಲಾರಂಭಿಸಿದಳು! ಮನೆಯವರ ಕಣ್ಣೆಲ್ಲ ತಮ್ಮನ ಮೇಲೆ. ಅವಳ ಪಾಲಿಗೆ ಯಾರೂ ಇಲ್ಲ. ಈ ಸಲ ನಾನು ಬೈಯಲಿಲ್ಲ. ಸಂಜೆ ಅವಳೊಬ್ಬಳನ್ನೇ ಹೆಗಲ ಮೇಲೆ ಕೂಡಿಸಿಕೊಂಡು ತಿರುಗಾಡಲು ಹೋದೆ. ಹದಿನೈದು ದಿನದಲ್ಲಿ ಅವಳೂ ದಾರಿಗೆ ಬಂದಳು. ಅವಳಿ ಮಕ್ಕಳಿಗೆ ಎರಡು ಪಾಟಿ ಸಾಲದು, ಎರಡು ಪಾಲು ಹೊತ್ತೂ ಬೇಕು.

ಎಲ್ಲ ಹಿನ್ನಡೆಯೂ ಮನಸ್ಸಿನದೇ ಅಲ್ಲ ಎಂಬುದನ್ನೂ ಓದುಗರು ನೆನಪಿಡಬೇಕು. ಉಚ್ಚೆ ಮಾಡುವಾಗ ಅಳು, ಜ್ವರ, ಸದಾ ತೊಟ್ಟಿಕ್ಕುವುದು, ಮಿತಿಮೀರಿದ ನೀರಡಿಕೆಯೊಡನೆ ಪದೇಪದೇ ಉಚ್ಚೆ, ಮಲದಲ್ಲಿ ರಕ್ತ, ನಡಿಗೆಯಲ್ಲಿ ತೊಡಕು—ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಈಗ ಇಬ್ಬರೂ ಗಜೇಂದ್ರಗಡದಲ್ಲಿ ಅಂಗನವಾಡಿಗೆ ಹೋಗುತ್ತಾರೆ. ಆಗೊಮ್ಮೆ ಈಗೊಮ್ಮೆ ಕೌದಿ ಬಿಸಿಲಿಗೆ ಬೀಳುತ್ತದೆ. ಮೊನ್ನೆ ಹೋದಾಗ ನಿಜವಾದ ಎರಡು ಪಾಟಿ ಕೊಂಡೊಯ್ದೆ. ಮೊಮ್ಮಗ ಒಂದು ಗೆರೆ ಎಳೆದ. ಅದು ಸೊಟ್ಟಗಾಯಿತು. ಉಗುಳು ಹಚ್ಚಿ ಒರೆಸಿ ಮತ್ತೆ ಎಳೆದ. ಒರೆಸಿದ್ದಕ್ಕೆ ಅವನನ್ನು ಯಾರೂ ಬೈಯಲಿಲ್ಲ.