ಕರಿಗೂದಲಿಗೆ ನೀಲಿ ಬಣ್ಣ: ಬಚ್ಚಲಮನೆಯಲ್ಲೇ ಸಲೂನು!

ಶ್ರೀರಾಮನಗರ: ತುಂಗಭದ್ರೆ ಕಾಲುವೆ ನೀರಿನ ಈ ಭತ್ತದ ಊರಿಗೂ ಬಣ್ಣದ ಜುಟ್ಟಿನ ಖಯಾಲಿ ಬಂದಿದೆ. ಸಲೂನಿಗೆ ಯಾಕೆ ದುಡ್ಡು ಸುರಿಯೋದು ಎಂದು ಪಡ್ಡೆ ಹುಡುಗರು ಬಚ್ಚಲಮನೆಯಲ್ಲೇ ಕೆಲಸ ಸುರು ಮಾಡುತ್ತಾರೆ.

ಆದರೆ ನಮ್ಮ ಕರಿಗೂದಲು ಸುಲಭಕ್ಕೆ ಬಗ್ಗುವ ಜಾತಿಯಲ್ಲ. ಕರಿ ಕಂಬಳಿಯನ್ನು ನೀಲಿಯಲ್ಲಿ ಅದ್ದಿದ ಹಾಗೆ, ಬಣ್ಣ ಹತ್ತಿದರೂ ಕಾಣುವುದಿಲ್ಲ. ಮೊದಲು ಬ್ಲೀಚ್ ಹಾಕಿ ಕೂದಲೊಳಗಿನ ಕಪ್ಪು ಕಳೆಯಬೇಕು. ಕಪ್ಪು ಹೋಗಿ ಕೆಂಪು, ಆಮೇಲೆ ಕಿತ್ತಳೆ, ಕಡೆಗೆ ಹಳದಿ. ಅವಸರದಲ್ಲಿ ಕಿತ್ತಳೆಗೇ ನಿಲ್ಲಿಸಿ ನೀಲಿ ಬಳಿದವನ ತಲೆ ಕೆಸರುಗದ್ದೆ!

ಅಪಾಯ ಇರುವುದೂ ಈ ಅವಸರದಲ್ಲೇ. ಬ್ಲೀಚ್ ಪುಡಿಗೆ ಕಲಸುವ ಹೈಡ್ರೋಜನ್ ಪೆರಾಕ್ಸೈಡ್ 20 ವಾಲ್ಯೂಮ್ ಎಂದರೆ ಶೇ. 6, 40 ಎಂದರೆ ಶೇ. 12. ಬೇಗ ಆಗಲೆಂದು 40 ಹಚ್ಚಿದರೆ ನೆತ್ತಿ ಸುಟ್ಟು ಬೊಕ್ಕೆ ಏಳಬಹುದು. ನೀರಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇರೆಯೇ ವಸ್ತು, ಅದನ್ನಂತೂ ತಲೆಗೆ ಮುಟ್ಟಿಸಲೇಬಾರದು.

ಇನ್ನು ಕಾಲೇಜು ತೆರೆಯುತ್ತಲೇ ತಲೆ ಮತ್ತೆ ಕಪ್ಪಾಗಬೇಕಲ್ಲ! ಆಗ ಅಗ್ಗದ ಪ್ಯಾಕೆಟ್ಟಿನ ಕರಿ ಬಣ್ಣ. ಅಂಥ ಬಹುಪಾಲು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಉಂಟು. ಒಗ್ಗದವರಿಗೆ ಮುಖ, ಕಣ್ಣು ಬಾತುಕೊಳ್ಳುತ್ತವೆ. ಬ್ಲೀಚಿಗೆ ಬೆಂದ ನೆತ್ತಿಯ ಮೇಲೆ ಅದನ್ನು ಬಳಿದರೆ ಕೇಳುವುದೇ ಬೇಡ. ಕಿವಿಯ ಹಿಂದೆ ಚೂರು ಹಚ್ಚಿ 48 ತಾಸು ಕಾಯಬೇಕು. ಎರಡು ದಿನ ಕಾಯೋ ಹುಡುಗ ಎಲ್ಲಿದ್ದಾನೆ?

ಇಷ್ಟು ಪಾಡುಪಟ್ಟ ನೀಲಿ ಕೆಲವೇ ವಾರಕ್ಕೆ ತೊಳೆದುಹೋಗುತ್ತದೆ. ಅವ್ವನ ಬೈಗುಳಕ್ಕೆ ದಿಂಬಿನ ಗವಸಿನ ಕಲೆ ಮಾತ್ರ ಉಳಿಯುತ್ತದೆ.