ಪಕ್ಷಗಳಿಗೆ ದೇಣಿಗೆ: ಹೊರೆ ಯಾರದು?

ಚುನಾವಣೆ ಸಮೀಪಿಸಿದಂತೆ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಬಳಿಗೆ ದೇಣಿಗೆಯ ಬೇಡಿಕೆ ಬರುವುದು ಹೊಸದೇನಲ್ಲ. ಚುನಾವಣಾ ವೆಚ್ಚವನ್ನು ಸರ್ಕಾರವೇ ಭರಿಸಿದರೆ ಈ ಹೊರೆ ಇಳಿದೀತೆಂಬ ವಾದವೂ ಹಳೆಯದೇ. ಈ ಹಿನ್ನೆಲೆಯಲ್ಲಿ ಕಾನೂನಿನ ಸ್ಥಿತಿಯನ್ನು ಅರಿಯುವುದು ಅಗತ್ಯ.

ಕಾನೂನು ಬೆಳೆದುಬಂದ ಬಗೆ

1969ರಲ್ಲಿ ಕಂಪನಿಗಳು ರಾಜಕೀಯ ಪಕ್ಷಗಳಿಗೆ ದೇಣಿಗೆ ನೀಡುವುದನ್ನು ನಿಷೇಧಿಸಲಾಯಿತು. ಬಹಿರಂಗ ಮಾರ್ಗ ಮುಚ್ಚಿದಾಗ ಲೆಕ್ಕಕ್ಕೆ ಸಿಗದ ನಗದು ವ್ಯವಹಾರಕ್ಕೆ ಎಡೆಯಾಯಿತು. 1985ರಲ್ಲಿ ನಿಷೇಧ ತೆರವಾಗಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 5ರ ಮಿತಿ ಬಂದಿತು. 2013ರ ಕಂಪನಿ ಕಾಯ್ದೆ ಅದನ್ನು ಶೇ. 7.5ಕ್ಕೆ ಏರಿಸಿತು. 2017ರಲ್ಲಿ ಈ ಮಿತಿಯನ್ನೇ ತೆಗೆಯಲಾಯಿತು. 2018ರಲ್ಲಿ ದಾನಿಯ ಹೆಸರು ಗೋಪ್ಯವಾಗಿರುವ ಚುನಾವಣಾ ಬಾಂಡ್‌ಗಳು ಬಂದವು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಬಾಂಡ್ ಯೋಜನೆಯನ್ನೂ ಮಿತಿಯಿಲ್ಲದ ದೇಣಿಗೆಯನ್ನೂ ಅಸಾಂವಿಧಾನಿಕವೆಂದು ಘೋಷಿಸಿತು.

ಉದ್ಯಮಿಗಳು ಗಮನಿಸಬೇಕಾದುದು

ಸ್ಥಾಪನೆಯಾಗಿ ಮೂರು ಹಣಕಾಸು ವರ್ಷ ತುಂಬದ ಕಂಪನಿ ದೇಣಿಗೆ ನೀಡುವಂತಿಲ್ಲ. ನಿರ್ದೇಶಕ ಮಂಡಳಿಯ ನಿರ್ಣಯ ಕಡ್ಡಾಯ. ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಲಾಭ-ನಷ್ಟ ಪಟ್ಟಿಯಲ್ಲಿ ತೋರಿಸಬೇಕು. ಉಲ್ಲಂಘಿಸಿದರೆ ದೇಣಿಗೆಯ ಐದು ಪಟ್ಟಿನವರೆಗೆ ದಂಡ ವಿಧಿಸಬಹುದು; ತಪ್ಪಿತಸ್ಥ ಅಧಿಕಾರಿಗಳಿಗೆ ಆರು ತಿಂಗಳವರೆಗೆ ಸೆರೆವಾಸವೂ ಉಂಟು. ಏಕಮಾಲೀಕತ್ವದ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಕಂಪನಿ ಕಾಯ್ದೆಯ ಮಿತಿ ಅನ್ವಯಿಸದು. ಆದರೆ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಯಾರಿಗೂ ಇಲ್ಲ. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಚೆಕ್ಕಿನ ದೇಣಿಗೆಗೂ ಇಲ್ಲ.

ಸರ್ಕಾರ ಭರಿಸಿದರೆ?

ಇಂದ್ರಜಿತ್ ಗುಪ್ತಾ ಸಮಿತಿಯು 1998ರಲ್ಲಿ, ಮಾನ್ಯತೆ ಪಡೆದ ಪಕ್ಷಗಳಿಗೆ ಹಣದ ಬದಲು ಸೌಲಭ್ಯಗಳ ರೂಪದಲ್ಲಿ ಭಾಗಶಃ ನೆರವು ನೀಡಲು ಶಿಫಾರಸು ಮಾಡಿತು. ಇತರ ಮೂಲಗಳಿಂದ ಹಣ ಪಡೆಯುವುದನ್ನು ನಿಷೇಧಿಸಿದರೆ ಮಾತ್ರ ಪೂರ್ಣ ಸರ್ಕಾರಿ ನೆರವು ಸೂಕ್ತವೆಂದು ಕಾನೂನು ಆಯೋಗವು 1999ರಲ್ಲಿ ಹೇಳಿತು; 2015ರಲ್ಲಿ ಪೂರ್ಣ ನೆರವು ಕಾರ್ಯಸಾಧ್ಯವಲ್ಲವೆಂದಿತು. ಜರ್ಮನಿಯಲ್ಲಿ ಸರ್ಕಾರಿ ನೆರವು ಪಕ್ಷವು ತಾನೇ ಗಳಿಸಿದ ಆದಾಯವನ್ನು ಮೀರುವಂತಿಲ್ಲ. ಹೀಗಾಗಿ ಅಲ್ಲಿಯೂ ಸದಸ್ಯರ ವಂತಿಗೆ ಮತ್ತು ದೇಣಿಗೆ ನಿಂತಿಲ್ಲ.

ಮೂಲ ಸಮಸ್ಯೆ ಇರುವುದು ವೆಚ್ಚದಲ್ಲಿ. 2022ರ ಪರಿಷ್ಕರಣೆಯಂತೆ ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಯ ಮಿತಿಯಿದೆ; ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಖರ್ಚಿಗೆ ಕಡಿವಾಣವಿಲ್ಲದೆ ಬೊಕ್ಕಸದಿಂದ ಹಣ ನೀಡಿದರೆ ದೇಣಿಗೆಯ ಬೇಡಿಕೆ ನಿಲ್ಲುವುದೆಂದು ನಂಬಲು ಆಧಾರವಿಲ್ಲ. ಆಗ ವರ್ತಕನು ತೆರಿಗೆದಾರನಾಗಿ ಒಮ್ಮೆ, ದಾನಿಯಾಗಿ ಮತ್ತೊಮ್ಮೆ ತೆರಬೇಕಾದೀತು. ಆದುದರಿಂದ ಪಕ್ಷಗಳ ವೆಚ್ಚಕ್ಕೆ ಮಿತಿ ಹಾಗೂ ಲೆಕ್ಕಪತ್ರಗಳ ಸ್ವತಂತ್ರ ತಪಾಸಣೆ ಮೊದಲು ಬರಬೇಕು; ಸರ್ಕಾರಿ ನೆರವಿನ ವಿಚಾರ ಅನಂತರದ್ದು. ಅಲ್ಲಿಯವರೆಗೆ ಚೆಕ್ಕು, ರಸೀತಿ ಮತ್ತು ಮಂಡಳಿಯ ನಿರ್ಣಯಗಳೇ ಉದ್ಯಮಿಗೆ ರಕ್ಷಣೆ.